ಜೂನ್ ಒಂದರ ಮಂದಿ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆ ಹೊರಟು, ಅರವತ್ತು ದಾಟಿದವರ ಹುಟ್ಟಿದ ತಾರೀಖು ಕೇಳುತ್ತ ಹೋಗಿ. ಅರ್ಧಕ್ಕರ್ಧ ಮಂದಿ ಜೂನ್ 1 ಅಂತಾರೆ. ಆವತ್ತು ಈ ಸೀಮೆಯ ಸೂಲಗಿತ್ತಿಯರಿಗೆ ಉಣ್ಣಲಿಕ್ಕೂ ಪುರಸೊತ್ತು ಸಿಕ್ಕಿರಲಿಕ್ಕಿಲ್ಲ! ಸಂಗತಿ ಇಷ್ಟೇ: ಸಾಲಿ ಶುರುವಾಗುತ್ತಿದ್ದದ್ದು ಜೂನ್‌ನಲ್ಲಿ. ತಲೆಯ ಮೇಲಿಂದ ಕೈ ಹಾಯಿಸಿ ಆಚೆ ಕಿವಿ ಮುಟ್ಟಿದ ಹುಡುಗನಿಗೆ ಮಾಸ್ತರರು ಒಂದು ಹುಟ್ಟುಹಬ್ಬ ದಯಪಾಲಿಸುತ್ತಿದ್ದರು. ಬ್ರಹ್ಮ ಹಣೆಯ ಮೇಲೆ ಏನೇ ಬರೆದಿರಲಿ, ಪೆನ್ಶನ್ ಬಂದದ್ದು ಮಾಸ್ತರರು ಬರೆದದ್ದರ ಮೇಲೆ.

ಅಮೆರಿಕದಲ್ಲಿರುವ ನಮ್ಮ ಅಣ್ಣನ ಮಗನಿಗೆ ಈಗ ವಂಶವೃಕ್ಷದ ಹುಚ್ಚು. ಅವನ ಆಫೀಸಿನಲ್ಲಿ ಸ್ಲೊವಾಕಿಯಾ ಮೂಲದವನೊಬ್ಬನಿದ್ದಾನೆ. ಆ ದೇಶದಲ್ಲಿ ಹುಟ್ಟು, ಮದುವೆ, ಸಾವು ಮೂರನ್ನೂ ಚರ್ಚಿನ ಪಾದ್ರಿಗಳು ಪುಸ್ತಕದಲ್ಲಿ ಬರೆದಿಡುತ್ತಿದ್ದರಂತೆ. ಹಂಗೇರಿಯ ಆಳಿಕೆಯಿದ್ದಾಗ, 1895ರ ಅಕ್ಟೋಬರ್‌ನಿಂದ, ಅದು ಸರಕಾರದ ಕೆಲಸವಾಯಿತು. ಆ ಮಹಾಶಯ ಕುಂತಲ್ಲೇ ಮುತ್ತಜ್ಜನ ಮುತ್ತಜ್ಜನನ್ನು ಹುಡುಕಿ ತೆಗೆದನಂತೆ. ನಮ್ಮವನಿಗೂ ಹುರುಪು ಬಂತು. ಅವನ ಅಜ್ಜಿಗೆ, ಅಂದರೆ ನಮ್ಮ ಆಯಿಗೆ, ಫೋನ್ ಹಚ್ಚಿ, ನೀನು ಹುಟ್ಟಿದ ತಾರೀಖು ಯಾವುದು ಅಂತ ಕೇಳಿದ.

"ತಾರೀಖ ಎಲ್ಲೀದೋ ತಮ್ಮಾ! ಸೀಗಿ ಹುಣ್ಣಿವಿ ಎರಡ ದಿನ ಇತ್ತು. ನಿಮ್ಮಪ್ಪ ಮಾತ್ರ ಎಪ್ಪತ್ತೆರಡರ ಬರದಾಗ ಹುಟ್ಟಿದಾಂವ. ಕೆಂಪ ಜ್ವಾಳದ ರೊಟ್ಟಿ ತಿಂದ ಬಾಣಂತನ ಮಾಡಿಸಿಕೊಂಡೀನಿ."

ಯಾವ ಹುಣ್ಣಿವೆ ಅಂತ ಗೊತ್ತು, ಯಾವ ವರ್ಷ ಅಂತ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಅದಕ್ಕೆ ಖಾನೆ ಇಲ್ಲ.

ಇನ್ನು ಸರಕಾರಿ ದಾರಿ. ದೇಶಕ್ಕೆಲ್ಲ ಒಂದೇ ಜನನ ಮರಣ ನೋಂದಣಿ ಕಾಯ್ದೆ ಆದದ್ದು 1969ರಲ್ಲಿ. ಹುಟ್ಟಿದ 21 ದಿನದೊಳಗೆ ಬರೆಸಿದರೆ ಖರ್ಚಿಲ್ಲ. ವರ್ಷ ದಾಟಿತೋ, ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದಕ್ಕೂ ಹಿಂದಿನದು ಬೇಕಾದರೆ, 1956ರವರೆಗೆ ನಾವು ಮುಂಬಯಿಗೆ ಸೇರಿದವರು. ಹಳೇ ದಫ್ತರ ಬಿಚ್ಚಿದರೆ ಮರಾಠಿಯ ಮೋಡಿ ಅಕ್ಷರ. ಅದನ್ನು ಓದಬಲ್ಲವರನ್ನು ಹುಡುಕುವುದಕ್ಕಿಂತ ಅಜ್ಜನನ್ನು ಹುಡುಕುವುದೇ ಸುಲಭ. ಏನೂ ಸಿಗದಿದ್ದರೆ ಕಚೇರಿಯವರು ಬರಿಗೈಲಿ ಕಳಿಸುವುದಿಲ್ಲ ಅನ್ನಿ. 'ದಾಖಲೆ ಲಭ್ಯವಿಲ್ಲ' ಅಂತ ಸಹಿ, ಶಿಕ್ಕಾ ಸಮೇತ ಪ್ರಮಾಣಪತ್ರ ಕೊಡುತ್ತಾರೆ. ಹುಟ್ಟಿದ್ದಕ್ಕೆ ದಾಖಲೆ ಇಲ್ಲ, ಇಲ್ಲದ್ದಕ್ಕೆ ದಾಖಲೆ ಉಂಟು!

ಈ ವಿಷಯದಲ್ಲಿ ಮುಹಮ್ಮದ್ ಆದಿಲಶಾಹ ಜಾಣ. ಗೋಳಗುಮ್ಮಟದ ದಕ್ಷಿಣ ಬಾಗಿಲ ಮೇಲೆ ಅವನು ತೀರಿಕೊಂಡ ಹಿಜರಿ 1067, ಅಂದರೆ 1656, ಮೂರು ವಾಕ್ಯಗಳ ಅಕ್ಷರಲೆಕ್ಕದಲ್ಲಿ ಮೂರು ಸಲ ಬರುತ್ತದೆ. ಎರಡು ಪ್ರತಿ ಕಳೆದರೂ ಚಿಂತೆಯಿಲ್ಲ.

ಗುಮ್ಮಟ ಕಟ್ಟಿಸದ ನಮ್ಮಂಥವರಿಗೆ ಇರುವವನು ವಂಶಾವಳಿ ಹಾಡುವ ಹೆಳವ. ಸುಗ್ಗಿ ಮುಗಿದು ಕಣದ ಜೋಳ ಮನೆ ಸೇರಿದ ಮೇಲೆ ಬರುತ್ತಾನೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದವನು, ಗಂಟೆಯ ಸದ್ದಿಗೇ ಗುರುತು ಸಿಗುತ್ತಿತ್ತು. ಕಟ್ಟೆಯ ಮೇಲೆ ಕುಂತು ಹೊತ್ತಿಗೆ ಬಿಚ್ಚಿ ರಾಗವಾಗಿ ಶುರು ಮಾಡಿದರೆ ಮೂಲ ಊರು, ಮನೆದೇವರು, ಬೆಡಗು, ಯಾವ ಬರದಲ್ಲಿ ಯಾವ ಊರು ಬಿಟ್ಟು ಬಂದರು, ಯಾರಿಗೆ ಯಾರು ಹುಟ್ಟಿದರು, ಒಂದೂ ಬಿಡುವುದಿಲ್ಲ. ಹೋದ ಸಲ ಬಂದ ಮೇಲೆ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು, ಬಟ್ಟೆ ಇಸಿದುಕೊಂಡು ಹೋಗುತ್ತಾನೆ. ಮನೆಬಾಗಿಲಿಗೇ ಬರುವ ನೋಂದಣಾಧಿಕಾರಿ ಇವನೊಬ್ಬನೇ. ಅಮೆರಿಕದವನಿಗಾಗಿ ನಾನು ಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡುತ್ತಿದ್ದರೆ, ಹೆಳವ ನಡುವೆ ನಿಲ್ಲಿಸಿ, "ಅವರು ಬಂದಾಗ ನಮ್ಮ ಕಾಣಿಕಿ ಬ್ಯಾರೆ ರೀ" ಅಂದ.

ಎಲ್ಲ ಕೇಳಿ ಮುಗಿದ ಮೇಲೆ ಆಯಿ ಬಾಗಿಲ ಮರೆಯಿಂದ ಒಂದು ಪ್ರಶ್ನೆ ಹಾಕಿದಳು: "ಯಪ್ಪಾ, ಇದರಾಗ ನನ್ನ ಹೆಣ್ಮಕ್ಕಳ ಹೆಸರ ಎಲ್ಲಿ ಬಂತು?" ಬಂದಿರಲಿಲ್ಲ. ನಮ್ಮ ಸಾಲಿನಲ್ಲಿ ಗಂಡಿಗೆ ಗಂಡೇ ಹುಟ್ಟುತ್ತ ಬಂದಿದೆ. ನನ್ನ ಅಕ್ಕಂದಿರು, ಅತ್ತಿಯರು ಯಾರೂ ಅದರಲ್ಲಿ ಹುಟ್ಟೇ ಇಲ್ಲ.

ಕಾಣಿಕೆ ಎರಡು ಸೇರು ಹೆಚ್ಚಾದರೆ ಬರೆಯಲಿಕ್ಕೆ ಅವನದೇನೂ ತಕರಾರಿಲ್ಲ. ಈ ಸುಗ್ಗಿಗೆ ಹೆಳವ ನಿಮ್ಮ ಮನೆಗೆ ಬಂದರೆ ಹೆಣ್ಣುಮಕ್ಕಳ ಹೆಸರನ್ನೂ ಬರೆಸಿಬಿಡಿ. ತಾರೀಖು ಗೊತ್ತಿಲ್ಲದಿದ್ದರೆ ಜೂನ್ 1 ಅಂತ ಹಾಕಿಸಿ, ಯಾರೂ ಕೇಳುವುದಿಲ್ಲ.