ದಾವೀದನ ಐದು ಕಲ್ಲು

ಏಳೆಂಟು ವರ್ಷದ ಮಕ್ಕಳಿಗೆ ಬೈಬಲ್ಲಿನ ಕಥೆ ಹೇಳುವುದು ಸುಲಭ. ಯೋನನನ್ನು ಮೀನು ನುಂಗಿತು ಅಂದರೆ ನುಂಗಿತು, ಮುಗಿಯಿತು. ಹದಿನಾರು ದಾಟಿದವರಿಗೆ ಹೇಳುವುದು ಇನ್ನೂ ಸುಲಭ, ಅವರು ಕೇಳಿಸಿಕೊಳ್ಳುವುದೇ ಇಲ್ಲ. ಫಜೀತಿ ಇರುವುದು ನಡುವಿನ ಹತ್ತು-ಹನ್ನೆರಡರ ಮಂದಿಯಲ್ಲಿ. ಇವರು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಪಾಟೀಸವಾಲು ಶುರು.

ನಮ್ಮ ಚರ್ಚಿನ ಬೇಸಿಗೆ ಬೈಬಲ್ ಶಾಲೆಯಲ್ಲಿ ಈ ತಂಡ ನನ್ನ ಕೊರಳಿಗೆ ಬಿದ್ದದ್ದು ಪಾಸ್ಟರ್ ಅಯ್ಯನವರ ಕೃಪೆ. "ನೀವು ಬ್ಯಾಂಕಿನ್ಯಾಗ ಕೌಂಟರ್ ಮ್ಯಾಲ ಕೂತವ್ರು, ಯಾರ್ ಏನ್ ಅಂದ್ರೂ ಸಿಟ್ಟಿಗೇಳೋದಿಲ್ಲ" ಅಂದರು. ಇದನ್ನು ಹೊಗಳಿಕೆ ಎಂದುಕೊಂಡು ಒಪ್ಪಿದೆ.

ನಮ್ಮ ಬೀದರಿಗೆ ಅಮೆರಿಕದ ಮೆಥೊಡಿಸ್ಟ್ ಮಿಷನರಿಗಳು ಬಂದದ್ದು ನಿಜಾಮರ ಕಾಲದಲ್ಲಿ. ರಜೆಯ ಬೈಬಲ್ ಶಾಲೆಯ ಮೂಲವೂ ಅಮೆರಿಕವೇ. 1898ರಲ್ಲಿ ನ್ಯೂಯಾರ್ಕಿನಲ್ಲಿ ಹಾಸ್ ಎಂಬ ಹೆಣ್ಣುಮಗಳು ಬೀದಿಯಲ್ಲಿ ಅಲೆಯುವ ಮಕ್ಕಳನ್ನು ಕೂಡಿಸಿ ಕಥೆ ಹೇಳಲು ಹೊರಟಾಗ ಜಾಗ ಸಿಕ್ಕದ್ದು ಒಂದು ಬಿಯರ್ ಅಂಗಡಿಯ ಹಾಲಿನಲ್ಲಿ. ನಮಗೆ ಸಿಕ್ಕದ್ದು ಚರ್ಚಿನ ಹಿಂದಿನ ಪತ್ರಾಸಿನ ಶೆಡ್ಡು. ಬೀದರಿನ ಮೇ ತಿಂಗಳಲ್ಲಿ ಬೆಳಿಗ್ಗೆ ಹತ್ತಕ್ಕೇ ಆ ಶೆಡ್ಡು ಎಷ್ಟು ಕಾಯುತ್ತಿತ್ತೆಂದರೆ, ಶದ್ರಕ್, ಮೇಶಕ್, ಅಬೇದ್‌ನೆಗೋ ಎಂಬ ಮೂವರನ್ನು ಬೆಂಕಿಯ ಕುಲುಮೆಗೆ ನೂಕಿದ ಪಾಠಕ್ಕೆ ಚಿತ್ರಪಟವೇ ಬೇಕಾಗಲಿಲ್ಲ.

ಪಠ್ಯಪುಸ್ತಕದ ರಟ್ಟಿನ ಮೇಲೆ 'ವಿಶ್ವಾಸ ಮತ್ತು ಧೈರ್ಯ' ಎಂದಿತ್ತು. ಮೊದಲ ಪಾಠ ದಾವೀದ ಮತ್ತು ಗೊಲ್ಯಾತ. ಗೊಲ್ಯಾತನ ಎತ್ತರ ಆರು ಮೊಳ ಒಂದು ಗೇಣು ಅಂದೆ.

"ಯಾರ ಮೊಳ ಸರ್? ಹೂ ಮಾರೋರ ಮೊಳಾನೋ, ಬಟ್ಟಿ ಅಂಗಡಿಯವ್ರ ಮೊಳಾನೋ?"

ಕೇಳಿದವಳು ಭಾಲ್ಕಿಯಿಂದ ಅಜ್ಜಿಯ ಮನೆಗೆ ರಜೆಗೆ ಬಂದಿದ್ದ ಹುಡುಗಿ. ವಯಸ್ಸಿಗೆ ಮೀರಿದ ಎತ್ತರ, ಎತ್ತರಕ್ಕೆ ಮೀರಿದ ನಾಲಿಗೆ. ಹದಿನೆಂಟು ಇಂಚಿನ ಮೊಳ ಹಿಡಿದರೆ ಒಂಬತ್ತೂವರೆ ಅಡಿ ಮೀರುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಅವರು ಇದ್ದಿಲು ತಂದು ಗೋಡೆಗೆ ಅಳತೆ ಹಚ್ಚಿಯಾಗಿತ್ತು. ತಮ್ಮತಮ್ಮ ಮೊಳದಲ್ಲೇ ಅಳೆದಿದ್ದರಿಂದ ಪ್ರತಿಯೊಬ್ಬರಿಗೂ ಒಂದೊಂದು ಗೊಲ್ಯಾತ ಸಿಕ್ಕಿದ. ತೀರಾ ಸಣ್ಣವನನ್ನು ನಮ್ಮ ಚರ್ಚಿನ ವಾಚ್‌ಮನ್ನನೇ ಹೊಡೆಯಬಹುದಿತ್ತು.

ಅಷ್ಟರಲ್ಲಿ ಔರಾದದ ಕಡೆಯ ಒಬ್ಬ ಹುಡುಗ ನಾನು ತೂಗುಹಾಕಿದ್ದ ಚಿತ್ರದ ಎದುರು ನಿಂತು ತಲೆ ಅಲ್ಲಾಡಿಸುತ್ತಿದ್ದ. ಚಿತ್ರದಲ್ಲಿ ದಾವೀದನ ಕೈಯಲ್ಲಿ ಕವಲುಕೋಲಿಗೆ ರಬ್ಬರು ಕಟ್ಟಿದ ಗುಲೇಲ್ ಇತ್ತು.

"ಸರ್, ಇದು ಗುಲೇಲ್ ಅದಾ. ದಾವೀದನ ಬಲ್ಲಿ ಇರೋದು ಕವಣಿ."

ಅವನ ಮುತ್ಯಾ ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಹಕ್ಕಿ ಕಾಯ್ದವನಂತೆ. ಹುಡುಗ ಯಾರದೋ ಪೈಜಾಮದ ಲಾಡಿ ಬಿಚ್ಚಿಸಿಕೊಂಡು, ನಡುವೆ ಕರವಸ್ತ್ರ ಕಟ್ಟಿ ತೋರಿಸಿದ: ಒಂದು ತುದಿಯ ಕುಣಿಕೆ ಬೆರಳಿಗೆ ಸಿಗಿಸಬೇಕು, ಇನ್ನೊಂದನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿಯಬೇಕು, ತಲೆಯ ಮೇಲೆ ಬೀಸಿ ಸರಿಯಾದ ಗಳಿಗೆಗೆ ಹೆಬ್ಬೆರಳಲ್ಲಿ ಒತ್ತಿದ ತುದಿಯನ್ನಷ್ಟೇ ಬಿಡಬೇಕು. ಗಳಿಗೆ ತಪ್ಪಿದರೆ ಕಲ್ಲು ಹಿಂದಿದ್ದವರ ಮೂಗಿಗೆ. ಹಿಂದಿದ್ದವರು ಹಿಂದೆ ಸರಿದರು. ಲಾಡಿ ಕೊಟ್ಟವನು ಎರಡೂ ಕೈಯಲ್ಲಿ ಪೈಜಾಮ ಹಿಡಿದುಕೊಂಡು ದೂರ ನಿಂತ.

ಪಾಠಕ್ಕೆ ಇದರಿಂದ ಲಾಭವೇ ಆಯಿತು. ಅರಸ ಸೌಲ ತೊಡಿಸಿದ ಕವಚವನ್ನು ದಾವೀದ ಬಿಚ್ಚಿಟ್ಟದ್ದು ಅದರಲ್ಲಿ ತನಗೆ ರೂಢಿಯಿಲ್ಲ ಎಂದು. ಕುರಿ ಕಾಯುವ ಹುಡುಗನಿಗೆ ರೂಢಿ ಇದ್ದದ್ದು ಕವಣೆಯದು. ಅವನು ಯುದ್ಧಭೂಮಿಗೆ ಬಂದದ್ದಾದರೂ ಯಾಕೆ? ಅಣ್ಣಂದಿರಿಗೆ ಹುರಿಗಾಳು, ರೊಟ್ಟಿ ಮುಟ್ಟಿಸಲು. ಗೊಲ್ಯಾತ ನಲವತ್ತು ದಿನ ಮುಂಜಾನೆ ಸಂಜೆ ಬಂದು ಸವಾಲು ಹಾಕಿ ಹೋಗುತ್ತಿದ್ದರೂ ಕವಚ ತೊಟ್ಟ ಒಬ್ಬನೂ ಮುಂದೆ ಬಂದಿರಲಿಲ್ಲ. ಬುತ್ತಿ ತಂದವನು ಇಳಿದ.

ಕಿಟಕಿಯ ಹೊರಗೆ ಬ್ಯಾಟು ಹಿಡಿದು ಗೆಳೆಯನಿಗಾಗಿ ಕಾಯುತ್ತಿದ್ದ ಪಕ್ಕದ ಓಣಿಯ ಹುಡುಗ ಇಷ್ಟೂ ಹೊತ್ತು ಸರಳಿಗೆ ಮುಖ ಒತ್ತಿ ಕೇಳುತ್ತಿದ್ದ. "ಅಂಕಲ್, ಯೆ ತೋ ಜಾಲೂತ್ ಹೈ ನಾ?" ಅಂದ. ಹೌದಪ್ಪ, ನಿಮ್ಮ ದಾವೂದ್ ಕೊಂದ ಜಾಲೂತನೇ ನಮ್ಮ ಗೊಲ್ಯಾತ ಅಂದೆ. ತಮ್ಮ ಕಡೆಯವನೊಬ್ಬ ಸಿಕ್ಕಿದ ಖುಷಿಗೆ ಅವನು ಬ್ಯಾಟು ಹೊರಗಿಟ್ಟು ಒಳಗೆ ಬಂದು ಕೂತ. ಬಿಸ್ಕಿಟ್ಟಿನ ವೇಳೆಯೂ ಹತ್ತಿರವಾಗಿತ್ತು ಅನ್ನಿ.

ಇನ್ನೇನು ವಿಶ್ವಾಸದ ಮಾತಿಗೆ ಬಂದು ಪಾಠ ಮುಗಿಸಬೇಕು, ಭಾಲ್ಕಿಯವಳು ಕೈ ಎತ್ತಿದಳು.

"ದಾವೀದಗ ಪೂರಾ ವಿಶ್ವಾಸ ಇತ್ತಲ್ರಿ ಸರ್. ಮತ್ತ ಹಳ್ಳದಾಗ ಐದ್ ಕಲ್ಲ್ ಯಾಕ ಆರಿಸ್ಕೊಂಡ? ಒಂದ್ ಸಾಕಿತ್ತಲ್ಲ?"

ಇದಕ್ಕೆ ಬೋಧಕರ ಬಳಿ ಒಂದು ಹಳೆಯ ಉತ್ತರವಿದೆ. ಗೊಲ್ಯಾತನ ಕಡೆಯವರು ಇನ್ನೂ ನಾಲ್ವರಿದ್ದರು, ಅವರ ಪಾಲಿಗೆ ನಾಲ್ಕು ಎಂದು. ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಔರಾದದವನು ಲಾಡಿ ಸುತ್ತುತ್ತಾ ಅಂದ: "ಮೊದಲಿಂದು ತಪ್ತು ಅಂದ್ರ?"

ಬೋಧಕರ ಉತ್ತರವನ್ನು ನಾನು ಹೇಳಲಿಲ್ಲ. ಮೊದಲ ಕಲ್ಲು ತಪ್ಪಬಹುದು ಎಂದು ಗೊತ್ತಿದ್ದೂ ಆ ಬಯಲಿಗೆ ಇಳಿದ ಹುಡುಗನ ವಿಶ್ವಾಸ ನನಗೆ ಹೆಚ್ಚು ಗಟ್ಟಿಯದೆನಿಸುತ್ತದೆ. ಪುಸ್ತಕದಲ್ಲಿ ಇದಿರಲಿಲ್ಲ.

ದಾನಿಯೇಲನ ಪಾಠದಲ್ಲಿ ಇನ್ನಷ್ಟು ಬೆವತೆ. ಚಿತ್ರದಲ್ಲಿ ದಾನಿಯೇಲ ಯಾವಾಗಲೂ ಗಡ್ಡ ಮೂಡದ ಚೆಲುವ. ಲೆಕ್ಕ ಹಾಕಿದರೆ ಸಿಂಹದ ಗವಿಗೆ ಬೀಳುವ ಹೊತ್ತಿಗೆ ಅವನಿಗೆ ಎಂಬತ್ತರ ಆಸುಪಾಸು ಎಂದು ನಾನೇ ಜಾಣತನ ಮಾಡಿ ಹೇಳಿದೆ. "ಹಂಗಾದ್ರ ಬರೇ ಎಲುಬೇ ಇದ್ದವು, ಅದ್ಕ ಸಿಂಹ ತಿಂದಿಲ್ಲ" ಎಂದು ತೀರ್ಪು ಬಂತು. ಹಸಿವಿರಲಿಲ್ಲ ಅನ್ನಬೇಡ, ಮಾರನೆಯ ದಿನ ಚಾಡಿ ಹೇಳಿದವರನ್ನು ಎಸೆದಾಗ ಅವರು ನೆಲ ಮುಟ್ಟುವ ಮೊದಲೇ ಸಿಂಹಗಳು ಹಿಡಿದವು ಅಂದೆ. ಪಾಠದ ಪುಸ್ತಕ ಈ ಭಾಗವನ್ನು ಬಿಟ್ಟಿತ್ತು. ಯಾಕೆಂದು ತಕ್ಷಣ ತಿಳಿಯಿತು. ಕಣ್ಣಡಕದ ಪುಟ್ಟಿಯೊಬ್ಬಳು ಆಗಲೇ ಬೈಬಲ್ ತೆರೆದು ಬೆರಳಿಟ್ಟಿದ್ದಳು.

"ಸರ್, ಅವ್ರ ಹೆಂಡ್ರು ಮಕ್ಳನ್ನೂ ಒಗದ್ರು ಅಂತ ಬರ್ದದ. ಮಕ್ಳು ಏನ್ ಮಾಡಿದ್ರು?"

ಅಪ್ಪಣೆ ಕೊಟ್ಟದ್ದು ಅರಸ, ದೇವರು ಹೇಳಿದನೆಂದು ಬರೆದಿಲ್ಲ ಅಂದೆ.

"ಆದ್ರೂ," ಅಂದಳು.

ಶೆಡ್ಡಿನಲ್ಲಿ ಯಾರೂ ನಗಲಿಲ್ಲ. ಧೈರ್ಯದ ಪಾಠ ಅಂದು ಯಾರು ಯಾರಿಗೆ ಮಾಡಿದರೋ.

ಯೆರಿಕೋ ಕೋಟೆಯನ್ನು ಏಳು ದಿನ ಸುತ್ತಿ, ಕೊಂಬೂದಿ, ಕೂಗಿ ಬೀಳಿಸಿದರೆಂಬ ಕಥೆಗೆ ಬೀದರಿನ ಕೋಟೆಯ ಬಳಿಯ ಹುಡುಗರು ಒಪ್ಪಲೇ ಇಲ್ಲ. ಬಂಡೆಯಲ್ಲಿ ಕೊರೆದ ಮೂರು ಸುತ್ತಿನ ಕಂದಕ ನೋಡಿಕೊಂಡೇ ಬೆಳೆದವರು. 1657ರಲ್ಲಿ ತೋಪು ತಂದ ಔರಂಗಜೇಬನಿಗೇ 27 ದಿನ ಹಿಡಿಯಿತು, ಕೊಂಬಿಗೆ ಬೀಳ್ತದೇನ್ರಿ ಎಂಬುದು ಅವರ ವಾದ. ಅದೂ ಒಳಗೆ ಮದ್ದಿಗೆ ಕಿಡಿ ಬಿದ್ದದ್ದಕ್ಕೆ, ಎಂದು ಒಬ್ಬ ಸೇರಿಸಿದ. ಯೆರಿಕೋ ಬಿದ್ದರೆ ಬೀಳಲಿ, ಬೀದರಿನ ಮರ್ಯಾದೆ ಉಳಿಯಬೇಕು!

ಎಲೀಯನ ಪಾಠವನ್ನು ವಾಯುಸೇನೆಯೇ ಕೆಡಿಸಿತು. ಜೀವಭಯಕ್ಕೆ ಕಾಡಿಗೆ ಓಡಿದ ಪ್ರವಾದಿಗೆ ದೇವರು ಬಿರುಗಾಳಿಯಲ್ಲಿ ಸಿಗಲಿಲ್ಲ, ಭೂಕಂಪದಲ್ಲಿ ಸಿಗಲಿಲ್ಲ, ಬೆಂಕಿಯಲ್ಲೂ ಸಿಗಲಿಲ್ಲ. ಕೊನೆಗೆ ಒಂದು ಮೆಲುದನಿ... ಅನ್ನುವಷ್ಟರಲ್ಲಿ ತರಬೇತಿಯ ಹಾಕ್ ವಿಮಾನ ಪತ್ರಾಸಿನ ಮೇಲೆಯೇ ಹಾದುಹೋಯಿತು.

ಅವರ ಅಚ್ಚುಮೆಚ್ಚು ಮಾತ್ರ ಯೋನ. ನಿನೆವೆಗೆ ಹೋಗು ಅಂದರೆ ತಾರ್ಷೀಷಿನ ಹಡಗು ಹತ್ತಿದವನು. ಮೀನಿನ ಬಗ್ಗೆ ಒಬ್ಬರೂ ತಕರಾರು ಮಾಡಲಿಲ್ಲ. ಅವರ ಮನಸ್ಸು ನೆಟ್ಟದ್ದು, ನಿನೆವೆಯ ಅರಸ ದನಕರುಗಳಿಗೂ ಉಪವಾಸ ಹಾಕಿ, ಗೋಣಿತಟ್ಟು ಹೊದಿಸಲು ಹೇಳಿದನೆಂಬುದರಲ್ಲಿ. ಎಮ್ಮೆಗೆ ಎಷ್ಟು ಗೋಣಿ ಬೇಕು ಎಂದು ಚರ್ಚೆ ನಡೆಯಿತು. ನೆರಳು ಕೊಟ್ಟ ಬಳ್ಳಿ ಒಣಗಿದ್ದಕ್ಕೆ ಯೋನ ಸಾಯುವ ಮಾತಾಡಿದ್ದನ್ನು ಆ ಶೆಡ್ಡಿನಲ್ಲಿ ಕೂತವರು ಎಳ್ಳಷ್ಟೂ ಅತಿ ಅನ್ನಲಿಲ್ಲ.

ಸಮಾರೋಪದ ದಿನ ನಾಟಕ. ದಾವೀದನಾಗಲು ಯಾರೂ ತಯಾರಿಲ್ಲ, ಗೊಲ್ಯಾತನಾಗಲು ಎಲ್ಲರೂ. ಎತ್ತರದ ಬಲದ ಮೇಲೆ ಭಾಲ್ಕಿಯವಳು ಗೆದ್ದಳು. ದಾವೀದನ ಪಾತ್ರ ಕಣ್ಣಡಕದ ಪುಟ್ಟಿಗೆ ಬಂತು. ಕಲ್ಲಿನ ಬದಲು ಕಾಗದದ ಉಂಡೆ, ಪರದೆಯ ಹಿಂದೆ ಕವಣೆಯ ಗುರುವಾಗಿ ಔರಾದದವನು.

ಮೊದಲ ಉಂಡೆ ಹಾರ್ಮೋನಿಯಮ್ಮಿಗೆ ಬಿತ್ತು. ಎರಡನೆಯದು ಮುಂದಿನ ಸಾಲಿನಲ್ಲಿ ಕೂತಿದ್ದ ಪಾಸ್ಟರ್ ಅಯ್ಯನವರ ಹಣೆಗೆ, ಗೊಲ್ಯಾತನಿಗೆ ಬಿದ್ದಂತೆಯೇ, ಸರಿಯಾಗಿ. ತಾಯಂದಿರು ಬಾಯಿಗೆ ಸೆರಗು ಒತ್ತಿಕೊಂಡರು. ಪುಟ್ಟಿಯ ಗಲ್ಲ ನಡುಗತೊಡಗಿತು.

"ಅಳಬ್ಯಾಡ, ಇನ್ನಾ ಮೂರ್ ಅವ!" ಎಂದು ಪರದೆಯ ಹಿಂದಿನಿಂದ ಇಡೀ ಸಭೆಗೆ ಕೇಳುವಂತೆ ಪಿಸುಗುಟ್ಟಿದ ಗುರು.

ಗೊಲ್ಯಾತ ಮಾತ್ರ ಅಷ್ಟು ಹೊತ್ತು ಕಾಯಲಿಲ್ಲ. ಹೊಸ ಫ್ರಾಕಿಗೆ ಧೂಳು ಹತ್ತದ ಜಾಗ ತಾಡಪತ್ರಿಯ ಮೇಲೆ ಹುಡುಕಿ, ನೆರಿಗೆ ಸರಿಮಾಡಿಕೊಂಡು ಮಲಗಿದಳು.