ಸ್ಪರ್ಶ ಮೀಮಾಂಸೆ: ಕಾಮಗೆರೆ ಪಾಠ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹೊಲ, ಗುಡ್ಡ, ಹಳ್ಳ ದಾಟಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. ಆ ವಿದ್ಯುತ್ತಿನ ವಂಶದ ಕುಡಿಯೇ ಇಂದು ಹನೂರು ರಸ್ತೆಯ ಕಾಮಗೆರೆಯ ಮನೆಯೊಂದರಲ್ಲಿ, ಆಟದ ರೈಲಿನ ಹಳಿಯಿಂದ ಅದರ ಮೋಟಾರಿಗೆ ಇರುವ ಎರಡಂಗುಲ ದಾಟಲಾರದೆ ಕೂತುಬಿಡುತ್ತದೆ. ಏಕೆ ಎಂಬ ಜಿಜ್ಞಾಸೆಗಾಗಿ ಈ ಪ್ರಬಂಧ ಆರಂಭಿಸಲ್ಪಡುತ್ತಿದೆ.

ಶಾಸ್ತ್ರಕ್ಕೆ ಅಧಿಕಾರಿ ಯಾರೆಂದು ಮೊದಲು ಹೇಳುವುದು ವಾಡಿಕೆ. ರೈಲಿಲ್ಲದ ಊರಿನವನೇ ಉತ್ತಮಾಧಿಕಾರಿ. ಕಾಮಗೆರೆಯವರು ರೈಲು ಹತ್ತಲು ಮೊದಲು ಬಸ್ಸು ಹತ್ತಬೇಕು. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ ಬರಬೇಕಾದ ಮಾರ್ಗ ಪತ್ರಿಕೆಗಳಲ್ಲೇ ಓಡಾಡಿಕೊಂಡಿದೆ. ಹೀಗಾಗಿ ನಿಜವಾದ ರೈಲಿನ ಪೂರ್ವಗ್ರಹ ಇಲ್ಲಿನ ವಿದ್ವಾಂಸನನ್ನು ಸೋಕಿಲ್ಲ.

ಮತಗಳು ಎರಡು. ದ್ವೈತಿಗಳಿಗೆ ಹಳಿ ಎರಡೇ, ಒಂದು ಧನ, ಒಂದು ಋಣ. ನಡುವಿನ 12 ವೋಲ್ಟ್ ಭೇದ ಸತ್ಯ. ಭೇದ ಅಳಿದರೆ ಮೋಕ್ಷವಲ್ಲ, ಶಾರ್ಟ್. ಜರ್ಮನಿಯ ಆಟದ ರೈಲಿನ ಕಂಪನಿ ಮ್ಯಾರ್ಕ್ಲಿನ್‌ನ ಪಂಥದವರು ಎಡಬಲದ ಹಳಿಗಳೆರಡೂ ಒಂದೇ ಎಂದು ಅಭೇದ ಸಾಧಿಸಿ, ಇನ್ನೊಂದು ಧ್ರುವವನ್ನು ನಡುವೆ ಇಡುತ್ತಾರೆ. ಎಂಜಿನ್ನಿನ ಹೊಟ್ಟೆಯಡಿ ಉದ್ದದ ಪಟ್ಟಿಯೊಂದು ಅದನ್ನು ಉಜ್ಜುತ್ತಲೇ ಸಾಗುವುದರಿಂದ ಅವರ ಗಾಡಿ ಮುನಿಸಿಕೊಳ್ಳುವುದು ಕಡಿಮೆ. ಇಂಗ್ಲೆಂಡಿನ ಹಾರ್ನ್‌ಬಿ ಡಬ್ಲೊ ಎಂಬ ಆಟದ ರೈಲು 1938ರಲ್ಲಿ ಮೂರು ಹಳಿಯಲ್ಲಿ ಹುಟ್ಟಿ 1959ರಲ್ಲಿ ಎರಡಕ್ಕೆ ಮತಾಂತರಗೊಂಡಿತು. ನಾವು ಹುಟ್ಟಾ ದ್ವೈತಿಗಳು. ಆದ್ದರಿಂದ ಕಷ್ಟವೆಲ್ಲ ನಮ್ಮದೇ.

ಎಂಜಿನ್ ನಿಂತೊಡನೆ ಮೋಟಾರು ಸುಟ್ಟಿತೆನ್ನುವವರು ಪೂರ್ವಪಕ್ಷಿಗಳು. ಗಾಡಿಯನ್ನು ಬೋರಲು ಹಾಕಿ, ಮೋಟಾರಿನ ಬ್ರಷ್‌ಗಳಿಗೇ ನೇರ ವಯರು ಮುಟ್ಟಿಸಿ. ಗುಂಯ್ ಎಂದು ತಿರುಗಿದರೆ ಅವರ ಪಕ್ಷ ಬಿತ್ತು. ಇದಕ್ಕೂ ಮೊದಲು ಪ್ರತ್ಯಕ್ಷ ಪ್ರಮಾಣವೊಂದಿದೆ: ತಲೆಯ ಮೇಲಿನ ಫ್ಯಾನು ನೋಡುವುದು. ಮೂರು ಪುಟ ಖಂಡನೆ ಬರೆದು ಮುಗಿಸಿದ ಮೇಲೆ ಜಗಲಿಯಿಂದ ಅಜ್ಜಿ, "ಕರೆಂಟೇ ಇಲ್ಲ ಕಣಪ್ಪ, ಅದೇನ್ ಹಂಗ್ ತಿವೀತಿದ್ದೀಯೆ?" ಎಂದರೆ ಶಾಸ್ತ್ರದ ಮರ್ಯಾದೆ ಉಳಿಯದು.

ದೋಷ ದಾರಿಯದು. ಚಕ್ರ ಹಳಿಯನ್ನು ಬಿಟ್ಟು ಕೂಡುವಾಗಿನ ಸಣ್ಣ ಕಿಡಿ, ಗೇರಿಗೆ ಧಾರಾಳವಾಗಿ ಬಿಟ್ಟ ಎಣ್ಣೆ, ಮನೆಯ ಧೂಳು ಎಂಬ ತ್ರಿದೋಷ ಸೇರಿ ಚಕ್ರದ ಮೇಲೆ ಕರಿ ಪದರ ಕಟ್ಟುತ್ತದೆ. ಚಿಕಿತ್ಸೆ: ಹಳೆ ಪಂಚೆಯ ತುಂಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿ ಹಳಿಯ ಮೇಲೆ ಅಡ್ಡ ಹಾಸಿ; ಕೆಲವು ಚಕ್ರ ಬಟ್ಟೆಯ ಮೇಲೆ, ಉಳಿದವು ಬರಿ ಹಳಿಯ ಮೇಲೆ ಇರುವಂತೆ ಎಂಜಿನ್ನನ್ನು ಹಿಡಿದು ಓಡಿಸಿ. ಬಟ್ಟೆಯಲ್ಲಿ ಮೂಡುವ ಎರಡು ಕರಿಗೆರೆಗಳೇ ಗ್ರಂಥಸಾಕ್ಷ್ಯ. ಕೊಳ್ಳೇಗಾಲದ ರೇಷ್ಮೆಗೆ ಕೈ ಹಾಕಬಾರದು; ಇದು ವಿಜ್ಞಾನದ ನಿಷೇಧವಲ್ಲ, ಗೃಹದ ನಿಷೇಧ. ಉಪ್ಪುಕಾಗದವೂ ವರ್ಜ್ಯ: ಅದು ಬಿಟ್ಟ ಗೀರುಗಳಲ್ಲಿ ಕೊಳೆ ಮತ್ತೆ ಸಂಸಾರ ಹೂಡುತ್ತದೆ.

ಇನ್ನು ಸಿದ್ಧಾಂತ. ಹಳೆಯ ಉಗಿ ಮಾದರಿಗಳು ಎಷ್ಟೋ ಸಲ ಒಂದು ಹಳಿಯ ಕರೆಂಟನ್ನು ಎಂಜಿನ್ನಿನ ಚಕ್ರಗಳಿಂದ, ಇನ್ನೊಂದರದನ್ನು ಕಲ್ಲಿದ್ದಲಿನ ಟೆಂಡರಿನಿಂದ ಎತ್ತಿಕೊಳ್ಳುತ್ತವೆ. ಚಕ್ರ ಬಹಳ; ದುಡಿಯುವವು ಕೆಲವು. ಬಿಗಿ ಚೌಕಟ್ಟಿನ ನಾಲ್ಕು ಚಕ್ರಗಳಲ್ಲಿ, ಡೊಂಕು ನೆಲದ ಮೇಲಿನ ಮಣೆಯ ಕಾಲುಗಳಂತೆ, ಒಂದು ಸದಾ ಅಂತರಿಕ್ಷವಾಸಿ. ಜೊತೆಗೆ ಎಳೆತ ಹೆಚ್ಚಲೆಂದು ಕೆಲವು ಚಕ್ರಗಳಿಗೆ ರಬ್ಬರ್ ಬಳೆ ತೊಡಿಸಿರುತ್ತಾರೆ. ರಬ್ಬರು ಹಳಿಯನ್ನು ಗಟ್ಟಿಯಾಗಿ ತಬ್ಬುತ್ತದೆ, ಕರೆಂಟನ್ನು ಮಾತ್ರ ಬಿಟ್ಟುಕೊಡದು. ಎಳೆತ ಬೇಕೋ ಸ್ಪರ್ಶ ಬೇಕೋ ಎಂಬುದು ಈ ಶಾಸ್ತ್ರದ ಹಳೆಯ ವಿವಾದ. ಎರಡು ಬೋಗಿ ಎಳೆಯುವ ಎಂಜಿನ್ನಿಗೆ ಅಷ್ಟೊಂದು ರಬ್ಬರು ದುಂದುವೆಚ್ಚ ಎಂದು ನನ್ನ ಮತ.

ಹಾಗಾಗಿ ಸುಮ್ಮನೆ ಉರುಳುವ ಚಕ್ರಗಳಿಗೂ ಕೆಲಸ ಹಚ್ಚಬೇಕು. ಫಾಸ್ಫರ್ ಬ್ರಾಂಜ್‌ನ ಸಣ್ಣ ತಂತಿಯನ್ನು ಬಗ್ಗಿಸಿ, ಟೆಂಡರಿನ ಎಲ್ಲ ಲೋಹದ ಚಕ್ರಗಳ ಬೆನ್ನಿಗೆ ಒತ್ತುವಂತೆ ಕೂರಿಸಿ, ಎಡಬಲಗಳನ್ನು ಬೆರೆಸದೆ, ಮೆತ್ತನೆಯ ವಯರಿನಿಂದ ಎಂಜಿನ್ನಿಗೆ ಕೊಡಬೇಕು. ಒತ್ತಡ ಹೆಚ್ಚಾದರೆ ತಂತಿ ಬ್ರೇಕಾಗುತ್ತದೆ, ಕಡಿಮೆಯಾದರೆ ಅಲಂಕಾರವಾಗುತ್ತದೆ. ಹಳಿ ಕವಲೊಡೆಯುವಲ್ಲಿ ಬರುವ ಪ್ಲಾಸ್ಟಿಕ್ ತುಂಡಿನ ಮೇಲೆ ಹಿಂದೆ ಸಮಾಧಿಗೆ ಜಾರುತ್ತಿದ್ದ ಗಿಡ್ಡ ಎಂಜಿನ್ನು, ಈಗ ಟೆಂಡರಿನ ಹಂಗಿನಲ್ಲಿ ಆಚೆ ದಡ ಸೇರುತ್ತದೆ.

ನವ್ಯರು ಕೆಪಾಸಿಟರ್ ಎಂಬ ಸಂಚಿತಕರ್ಮವನ್ನು ಹೇಳುತ್ತಾರೆ: ಮೊದಲೇ ಕೂಡಿಟ್ಟ ಚಾರ್ಜು ಸ್ಪರ್ಶ ತಪ್ಪಿದ ಕ್ಷಣ ಗಾಡಿಯನ್ನು ದಾಟಿಸುತ್ತದೆ. ಡಿಜಿಟಲ್ ಡಿಕೋಡರ್ ಉಳ್ಳವರಿಗೆ ಇದು ಒಪ್ಪಿತ. ಹಳೆಯ ಡಿ.ಸಿ. ಎಂಜಿನ್ನಿನಲ್ಲಿ ಹಿಂದಕ್ಕೆ ಓಡಿಸಿದೊಡನೆ ಧನ ಋಣವಾಗುತ್ತದೆ; ಧನಋಣ ಗುರುತಿರುವ ಕೆಪಾಸಿಟರ್ ಅದನ್ನು ಸಹಿಸದೆ ಸಿಡಿಯಲೂಬಹುದು. ಆದ್ದರಿಂದ ನಮ್ಮ ಎಂಜಿನ್ನಿಗೆ ಸಂಚಿತವಿಲ್ಲ, ಪ್ರಾರಬ್ಧ ಮಾತ್ರ.