ನಟ್ಟುಶಬ್ದ ಮೀಮಾಂಸೆ (ದುರ್ಗಸೀಮೆಯ ಪಾಠ)

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಜನ ದಿನ ಬೆಳಗಾದರೆ ಆಡುವ, ಪಂಡಿತರು ಮಾತ್ರ ತಿರುಗಿಯೂ ನೋಡದ ಶಬ್ದ ‘ನಟ್ಟು’. ಕೇಶಿರಾಜನಂಥ ಕೇಶಿರಾಜನೇ ‘ಶಬ್ದಮಣಿದರ್ಪಣ’ದಲ್ಲಿ ಇದರ ಬಗ್ಗೆ ತುಟಿ ಬಿಚ್ಚಿಲ್ಲ. ಹದಿಮೂರನೆಯ ಶತಮಾನದಲ್ಲಿ ಸ್ಪ್ಯಾನರ್ ಸಿಗುತ್ತಿರಲಿಲ್ಲವೆಂಬುದು ಅವನ ಪರವಾಗಿ ಹೇಳಬಹುದಾದ ಮಾತು.

ಮೊದಲು ವ್ಯುತ್ಪತ್ತಿ. ಇದು ಇಂಗ್ಲಿಷಿನಿಂದ ಬಂದದ್ದೆಂಬುದು ಪೂರ್ವಪಕ್ಷ. ಖಂಡಿಸುತ್ತೇವೆ. ‘ನಡು’ ಧಾತುವಿನಿಂದ ಹುಟ್ಟಿದ್ದು ನಟ್ಟು. ಎದೆಯಲ್ಲಿ ನಟ್ಟ ಬಾಣ, ನಟ್ಟ ನೋಟ, ನಟ್ಟನಡುವೆ, ನಟ್ಟಿರುಳು ಎಲ್ಲವೂ ಒಂದೇ ಬಳಗ. ನಟ್ಟ ಮೇಲೆ ಅಲ್ಲಾಡದ್ದು ನಟ್ಟು. ಬೋಲ್ಟಿನ ವಿಷಯದಲ್ಲಂತೂ ವಾದವೇ ಬೇಡ: ತಲೆ ಬೋಳು, ಆದ್ದರಿಂದ ಬೋಲ್ಟು. ಳಕಾರ ಎಲ್ಲಿ ಹೋಯಿತೆಂದರೆ, ತುಕ್ಕು ಹಿಡಿದು ಸವೆಯಿತು.

ಗ್ಯಾರೇಜಿನ ಪಾಠದಲ್ಲಿ ನಟ್ಟಿಗೆ ಹೆಸರಿಲ್ಲ, ನಂಬರು ಮಾತ್ರ. ಲಾರಿಯ ಅಡಿಯಿಂದ “ಹದಿಮೂರು ತಾರಲೇ” ಎಂದು ಕೂಗು ಬಂದರೆ ಹುಡುಗ ಓಡುತ್ತಾನೆ. ಹದಿಮೂರೆಂಬುದು ನಟ್ಟಿನ ಎದುರುಬದುರು ಮುಖಗಳ ನಡುವಿನ ಮಿಲಿಮೀಟರು. ಒಳಗೆ ಹೋಗುವ ಬೋಲ್ಟಿನ ದಪ್ಪ ಬರೀ 8. ಹೊರಗಿನ ಅಳತೆಯನ್ನೇ ನೋಡಿ ಕರೆಯುವ ಈ ಪದ್ಧತಿ ರಾಜಕೀಯ ಮುಖಂಡರಿಗೂ ಸಲ್ಲುವುದೆಂದು ಒಂದು ಪಾಠಾಂತರವಿದೆ. ನಾವು ಅದನ್ನು ಎತ್ತುವುದಿಲ್ಲ.

ದುರ್ಗದ ಏಳುಸುತ್ತಿನ ಕೋಟೆ ಕಟ್ಟಿದವರಿಗೆ ನಟ್ಟಿನ ಹಂಗಿರಲಿಲ್ಲ. 1779ರಲ್ಲಿ ಕೋಟೆ ಹೈದರಾಲಿಯ ಪಾಲಾದದ್ದಕ್ಕೆ ಇತಿಹಾಸಕಾರರು ನಾನಾ ಕಾರಣ ಕೊಡುತ್ತಾರೆ. ನಟ್ಟುಪಕ್ಷದವರಿಗೆ ನಟ್ಟಿಲ್ಲದ ಕಾರಣವೊಂದೇ ಸಾಕು. ಹಾಗೆಂದು ಮದಕರಿ ನಾಯಕನನ್ನು ದೂರುವಂತಿಲ್ಲ. ಥ್ರೆಡ್ಡಿಗೆ ಎಲ್ಲೆಡೆ ಒಂದೇ ಅಳತೆಯಿರಲಿ ಎಂದು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಸೂಚಿಸಿದ್ದೇ 1841ರಲ್ಲಿ. ಅಲ್ಲಿಯವರೆಗೆ ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಕೂತರೆ ಅದೃಷ್ಟ. ತೂತಿದ್ದು ನಟ್ಟಿಲ್ಲದಿದ್ದರೆ ಒನಕೆ ಬೇಕಾಗುತ್ತದೆ ಎಂಬುದಕ್ಕೆ ಓಬವ್ವನ ಕಿಂಡಿಯೇ ಪ್ರಮಾಣ.

ಇನ್ನು ಲಕ್ಷ್ಯಾರ್ಥ: “ಅವನಿಗೆ ಒಂದು ನಟ್ಟು ಲೂಸು.” ಯಾವ ನಟ್ಟು, ಎಷ್ಟನೇ ನಂಬರು ಎಂದು ಯಾರೂ ಕೇಳುವುದಿಲ್ಲ. ರೋಗಿಯನ್ನು ಮುಟ್ಟಿಯೂ ನೋಡದೆ ಕೊಡುವ ತೀರ್ಪಿದು. ಹಿರಿಯೂರಿನ ಉದಾಹರಣೆ ಶಾಸ್ತ್ರಕ್ಕೆ ಬಲು ಉಪಯುಕ್ತ. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ಊರವರ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದದ್ದು ಆಮೇಲೆ ಬೀಳಲೇ ಇಲ್ಲ. “ಈ ಸಲ ಕೋಡಿ ಬೀಳ್ತೈತೆ ನೋಡ್ರಪ್ಪ” ಎಂದ ಅಜ್ಜನಿಗೆಲ್ಲ ಟೀ ಅಂಗಡಿಯಲ್ಲಿ ನಟ್ಟು ಲೂಸೆಂಬ ಬಿರುದು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ, ನೀರು ಕೋಡಿ ಹತ್ತಿ ಹರಿಯಿತು. ಸ್ಪ್ಯಾನರ್ ಸೋಕದೆಯೇ ತಾಲ್ಲೂಕಿನ ಅಜ್ಜಂದಿರ ನಟ್ಟೆಲ್ಲ ಟೈಟಾಯಿತು. ಕೋಡಿ ನೋಡಲು ಜಾತ್ರೆಯೋಪಾದಿ ಜನ. 2025ರ ಜನವರಿಯಲ್ಲಿ ಮತ್ತೊಮ್ಮೆ ಬಿದ್ದಾಗ, “ಬೀಳಲ್ಲ ಬಿಡೋ” ಎಂದಿದ್ದವರ ನಟ್ಟುಗಳ ತಪಾಸಣೆ ಶುರುವಾಯಿತು.

ಹೊಸದುರ್ಗದಲ್ಲಿ ಸಾವೆ ಬಿತ್ತುವವನ ನಟ್ಟೂ ಹೀಗೇ ಬಹುಕಾಲ ಸಡಿಲವಿದ್ದು, ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಬಿಗಿಯಾಯಿತು. ಹೊಳಲ್ಕೆರೆಯಲ್ಲಿ ಅಡಿಕೆ ರೇಟು ಏರಿದರೆ ಮೊದಲೇ ಮಾರಿದವನದು ಲೂಸು, ಇಳಿದರೆ ಇಟ್ಟುಕೊಂಡವನದು. ಅಲ್ಲಿಗೆ ವ್ಯಾಖ್ಯಾನಕಾರ ಬೇಕಿಲ್ಲ, ಮಂಡಿಯ ದರಪಟ್ಟಿ ಸಾಕು.

ಕೊನೆಯದು ಬೆದರಿಕೆಯ ಅರ್ಥ: “ನಿನ್ನ ನಟ್ಟು ಬೋಲ್ಟು ಟೈಟ್ ಮಾಡ್ತೀನಿ.” ಮೇಷ್ಟ್ರುಗಳಲ್ಲಿ ಈ ಪ್ರಯೋಗ ಹೇರಳ. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ಸಡಿಲ ಎಂಬುದು ಸೂತ್ರ. ಸೈಕಲ್ಲಿನ ಎಡ ಪೆಡಲ್ಲು ಅಪವಾದ. ತುಳಿಯುತ್ತ ತುಳಿಯುತ್ತ ತಾನೇ ಬಿಚ್ಚಿಕೊಳ್ಳದಿರಲೆಂದು ಅದರ ಥ್ರೆಡ್ಡು ಉಲ್ಟಾ. ಇದನ್ನರಿಯದ ಮೇಷ್ಟ್ರೊಬ್ಬರು ಅದನ್ನು ಬಿಚ್ಚಲು ಹೋಗಿ, ಬೆವರು ಸುರಿಸುತ್ತ ಇನ್ನಷ್ಟು ಬಿಗಿ ಮಾಡುತ್ತಿದ್ದರು. ಪಂಕ್ಚರ್ ಅಂಗಡಿಯ ಹುಡುಗ, ಅವರದೇ ಹಳೇ ಶಿಷ್ಯ, ಸುಮಾರು ಹೊತ್ತು ನೋಡಿ ಕೇಳಿದ: “ಸಾ, ನಮಗೂ ಹಿಂಗೇ ಟೈಟ್ ಮಾಡಿದ್ರಾ?”